ಬಾಟ್ಲಿ ಕಟ್ಟುವ ಮೊದಲು ಮುಚ್ಚಳ ನೋಡಿ

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ 1972ರ ಅಂಬಾಸಿಡರ್ ಮಾರ್ಕ್ 2 ನನ್ನ ಪಾಲಿಗೆ ಬಂದಿದೆ. ಸಕಲೇಶಪುರದ ಹತ್ತಿರ ನಮ್ಮ ತೋಟ. ಧರ್ಮಸ್ಥಳಕ್ಕೆ, ಸುಬ್ರಹ್ಮಣ್ಯಕ್ಕೆ ಈ ಕಾರಿನಲ್ಲೇ ಹೋಗಬೇಕು ಅನ್ನುವುದು ಅಮ್ಮನ ಆಸೆ. ಇಳಿಯುವಾಗ ಏನೂ ತೊಂದರೆಯಿಲ್ಲ. ವಾಪಸು ಬರುವಾಗ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ, ದೋಣಿಗಲ್ ಹತ್ತಿರ ಟೀ ಕುಡಿಯಲು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ರೇಡಿಯೇಟರಿನ ಪಕ್ಕದ ಸಣ್ಣ ಪೈಪಿನಿಂದ ಹಸಿರು ನೀರು ನೆಲಕ್ಕೆ ಸುರಿಯುತ್ತದೆ. ಹಿಂದಿನ ಮೆಕ್ಯಾನಿಕ್ ಕೂರಿಸಿಕೊಟ್ಟಿದ್ದ ಟೆಂಪರೇಚರ್ ಮೀಟರಿನ ಮುಳ್ಳು ಮಾತ್ರ ಕೆಂಪು ಗೆರೆ ಮುಟ್ಟಿದ್ದಿಲ್ಲ. ನಾನು ಪ್ರತಿ ಬೆಳಿಗ್ಗೆ ರೇಡಿಯೇಟರಿನ ಬಾಯಿಯವರೆಗೆ ನೀರು ತುಂಬಿಸಿಯೇ ಹೊರಡುತ್ತೇನೆ. ಆದರೂ ಹೀಗಾಗುತ್ತದೆ.

ನಮ್ಮೂರಿನ ಮೆಕ್ಯಾನಿಕ್ "ಓವರ್‌ಫ್ಲೋ ಬಾಟ್ಲಿ ಹಾಕ್ಸಿಬಿಡಿ ಮೇಡಂ, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ಹಾಸನದವರೊಬ್ಬರು ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅನ್ನುತ್ತಾರೆ. ಚಿಕ್ಕಪ್ಪ "ಅಣ್ಣನ ಗಾಡಿಗೆ ಪ್ಲಾಸ್ಟಿಕ್ ಡಬ್ಬ ಕಟ್ಟಿದ್ರೆ ಅದು ಒರಿಜಿನಲ್ ಆಗಿ ಉಳಿಯುತ್ತಾ?" ಅಂತ ಬೇಸರ ಮಾಡಿಕೊಂಡಿದ್ದಾರೆ. ಯಾರ ಮಾತು ಕೇಳಲಿ? ರೇಡಿಯೇಟರ್ ಮುಚ್ಚಳದ ಮೇಲೆ 7 ಎಂದು ಅಚ್ಚಾಗಿದೆ. ಕಾರು ಹಾಳಾಗುತ್ತಿದೆಯೇ ಅನ್ನುವ ಭಯ ನನ್ನದು.

— ಹೆಸರು ಬೇಡ, ಸಕಲೇಶಪುರ

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳುತ್ತೇನೆ. ನೀವು ಬರೆದಿರುವ ಲಕ್ಷಣ ನೋಡಿದರೆ ಕಾರು ಹಾಳಾಗುತ್ತಿದೆ ಎನ್ನಲು ಸದ್ಯಕ್ಕೆ ಕಾರಣ ಕಾಣುವುದಿಲ್ಲ. ಮುಳ್ಳು ಕೆಂಪಿಗೆ ಹೋಗುವುದಿಲ್ಲ, ನೀರು ಬೀಳುವುದು ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಮಾತ್ರ, ಅದೂ ಬಾಯಿಯವರೆಗೆ ತುಂಬಿಸಿಕೊಂಡು ಹೊರಟ ಕಾರಿನಲ್ಲಿ. ಈ ಮೂರೂ ಒಟ್ಟಿಗೆ ಇದ್ದರೆ ಹತ್ತರಲ್ಲಿ ಎಂಟು ಪಾಲು ಅದು ರೋಗವಲ್ಲ, ಆ ಕಾಲದ ಕಾರಿನ ಸ್ವಭಾವ. ಆದರೂ ಊಹೆಯ ಮೇಲೆ ಅಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತುವುದು ಬೇಡ. ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳೋಣ.

ನೀರು ಯಾಕೆ ಚೆಲ್ಲುತ್ತದೆ

ನಿಮ್ಮ ಕಾರಿನ ಮೂಲ 1956ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಅದನ್ನೇ ಹಿಂದೂಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಎಂದು ತಯಾರಿಸುತ್ತ, 2014ರವರೆಗೂ ಬೇರೆ ಬೇರೆ ರೂಪದಲ್ಲಿ ಮುಂದುವರಿಸಿದರು. ನಿಮ್ಮಲ್ಲಿರುವುದು 1489 ಸಿಸಿಯ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್ ಎಂಜಿನ್. ಆ ಕಾಲದ ವಿನ್ಯಾಸದಲ್ಲಿ ಉಕ್ಕಿದ ನೀರಿಗೆ ಬೇರೆ ಡಬ್ಬ ಇರಲಿಲ್ಲ. ರೇಡಿಯೇಟರಿನ ಮೇಲಿನ ಟ್ಯಾಂಕಿನಲ್ಲೇ ಒಂದಿಷ್ಟು ಜಾಗ ಖಾಲಿ ಬಿಡಬೇಕು, ಬಿಸಿಯಾದಾಗ ಹಿಗ್ಗಿದ ನೀರು ಅಲ್ಲಿಗೆ ಏರಬೇಕು ಎನ್ನುವುದೇ ಲೆಕ್ಕ.

ಹಿಗ್ಗುವುದು ಎಷ್ಟು? ಬೆಳಿಗ್ಗೆಯ ತಂಪಿನಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ ಬರೀ ನೀರು ನೂರಕ್ಕೆ ಮೂರೂವರೆ ಪಾಲು ಹಿಗ್ಗುತ್ತದೆ. ಕೂಲೆಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಎಂಜಿನ್ನು, ರೇಡಿಯೇಟರು, ಹೋಸ್ ಪೈಪು ಸೇರಿ ಆರು ಲೀಟರ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಕಾಲು ಲೀಟರಿನಷ್ಟು ನೀರಿಗೆ ಹೊಸದಾಗಿ ಜಾಗ ಬೇಕು. ನೀವು ಬಾಯಿಯವರೆಗೆ ತುಂಬಿಸಿದಾಗ ಆ ಜಾಗವನ್ನೇ ಮುಚ್ಚಿಬಿಟ್ಟಿರಿ. ಆ ಕಾಲು ಲೀಟರು ಸಣ್ಣ ಪೈಪಿನಿಂದ ರಸ್ತೆಗೆ ಹೋಗುತ್ತದೆ. ಮರುದಿನ ಮಟ್ಟ ಇಳಿದಿರುವುದು ನೋಡಿ ಮತ್ತೆ ತುಂಬಿಸುತ್ತೀರಿ, ಕಾರು ಮತ್ತೆ ಚೆಲ್ಲುತ್ತದೆ. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ಇಂದಿನ ಕಾರು ನೋಡಿ ಬೆಳೆದ ಯಾರಿಗಾದರೂ ರೇಡಿಯೇಟರ್ ಅಂದರೆ ತುಂಬಿರಬೇಕು ಅಂತಲೇ ಅನ್ನಿಸುತ್ತದೆ.

ಇನ್ನು, ಓಡುವಾಗ ಚೆಲ್ಲದೆ ನಿಲ್ಲಿಸಿದ ಮೇಲೆ ಚೆಲ್ಲುವುದೇಕೆ? ಘಾಟಿ ಹತ್ತುವಾಗ ಎಂಜಿನ್ನಿನ ಹೆಡ್ಡು ಚೆನ್ನಾಗಿ ಕಾದಿರುತ್ತದೆ. ಓಡುತ್ತಿರುವಷ್ಟು ಹೊತ್ತು ವಾಟರ್ ಪಂಪು ನೀರನ್ನು ಸುತ್ತಿಸುತ್ತದೆ, ಫ್ಯಾನು ಗಾಳಿ ಎಳೆಯುತ್ತದೆ. ಕೀ ತಿರುಗಿಸಿ ಬಂದ್ ಮಾಡಿದ ಕ್ಷಣಕ್ಕೆ ಎರಡೂ ನಿಲ್ಲುತ್ತವೆ, ಲೋಹದ ಬಿಸಿ ಮಾತ್ರ ನಿಲ್ಲುವುದಿಲ್ಲ. ನಿಂತ ನೀರಿಗೆ ಆ ಬಿಸಿಯೆಲ್ಲ ಇಳಿದು, ಮುಂದಿನ ಕೆಲವು ನಿಮಿಷ ಉಷ್ಣಾಂಶ ಇನ್ನೂ ಏರುತ್ತದೆ. ನೀವು ಟೀ ಕುಡಿಯುವ ಹೊತ್ತಿಗೆ ಸರಿಯಾಗಿ ನೀರು ಬೀಳುವುದು ಇದಕ್ಕೇ. ಇನ್ನು ಮುಂದೆ ಘಾಟಿ ಹತ್ತಿ ನಿಂತಾಗ ಎಂಜಿನ್ನನ್ನು ಒಂದೆರಡು ನಿಮಿಷ ಐಡಲಿನಲ್ಲಿ ಓಡಲು ಬಿಟ್ಟು ಆಮೇಲೆ ಬಂದ್ ಮಾಡಿ. ಖರ್ಚಿಲ್ಲದ ಉಪಾಯ ಇದು.

ಖರ್ಚು ಮಾಡುವ ಮೊದಲು ಎರಡು ಪರೀಕ್ಷೆ

ಮೊದಲನೆಯದು ಮಟ್ಟದ ಪರೀಕ್ಷೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಬಾಯಿಯಿಂದ ಒಂದೂವರೆ ಅಂಗುಲ ಕೆಳಗೆ ನೀರು ನಿಲ್ಲುವಷ್ಟು ಮಾತ್ರ ಹಾಕಿ. ಒಳಗಿನ ತಾಮ್ರದ ಕೊಳವೆಗಳು ಮುಳುಗಿದ್ದರೆ ಸಾಕು. ಒಂದು ಬಿದಿರು ಕಡ್ಡಿ ಇಳಿಸಿ, ಒದ್ದೆಯಾದ ಕಡೆ ಗೆರೆ ಹಾಕಿಕೊಳ್ಳಿ. ಚೆಲ್ಲುವ ಸಣ್ಣ ಪೈಪಿನ ತುದಿಗೆ ಉದ್ದದ ರಬ್ಬರ್ ಪೈಪು ಸಿಕ್ಕಿಸಿ, ಫ್ಯಾನಿಗೂ ಬೆಲ್ಟಿಗೂ ತಾಗದ ಜಾಗದಲ್ಲಿ ಗಟ್ಟಿ ಡಬ್ಬವೊಂದಕ್ಕೆ ಇಳಿಬಿಡಿ. ಡಬ್ಬದ ಬಾಯಿ ಬಿಗಿಯಾಗಿ ಮುಚ್ಚಿರಬಾರದು, ಗಾಳಿಯಾಡಬೇಕು. ಮಾಮೂಲಿನಂತೆ ಹೋಗಿ ಬನ್ನಿ. ಘಾಟಿ ಹತ್ತಿ ಬಂದ ಮೇಲೆ ಡಬ್ಬದಲ್ಲಿ ಎಷ್ಟು ಬಂದಿದೆ ಎಂದು ಅಳೆಯಿರಿ. ಮರುದಿನ ಬೆಳಿಗ್ಗೆ ಅದೇ ಕಡ್ಡಿ ಇಳಿಸಿ ನೋಡಿ. ಏನೂ ಬಂದಿಲ್ಲ, ಅಥವಾ ಮೊದಲ ಸಲ ಅರ್ಧ ಲೋಟ ಬಂದು ಆಮೇಲೆ ನಿಂತಿದೆ ಎಂದಾದರೆ ಕಾರು ತನಗೆ ಬೇಕಾದ ಮಟ್ಟವನ್ನು ತಾನೇ ಹಿಡಿದುಕೊಂಡಿದೆ. ಪ್ರತಿ ಸಲವೂ ಅರ್ಧ ಲೀಟರು, ಒಂದು ಲೀಟರು ಬರುತ್ತಿದ್ದರೆ ಅಥವಾ ಡಬ್ಬಕ್ಕೆ ಬಾರದೆಯೂ ಕಡ್ಡಿಯ ಗೆರೆ ಇಳಿಯುತ್ತಿದ್ದರೆ ಎಲ್ಲೋ ರೋಗವಿದೆ.

ಎರಡನೆಯದು ಗುಳ್ಳೆಯ ಪರೀಕ್ಷೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಒಳಗೆ ನೋಡಿ. ಸೀರೆಯ ಸೆರಗು, ದುಪಟ್ಟಾ ಫ್ಯಾನಿಗೆ ಸಿಗದಂತೆ ಬಿಗಿಯಾಗಿ ಕಟ್ಟಿಕೊಂಡಿರಿ. ಆರಂಭದಲ್ಲಿ ಒಂದೆರಡು ಗುಳ್ಳೆ ಬರುವುದು ಸಹಜ, ಒಳಗೆ ಸಿಕ್ಕಿಕೊಂಡ ಗಾಳಿ ಅದು. ಗುಳ್ಳೆಗಳು ನಿಲ್ಲದೆ ಒಂದೇ ಸಮ ಬರುತ್ತಿದ್ದು, ಎಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋತು ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಗಡೆ ಕೆನೆಬಣ್ಣದ ಲೋಳೆ ಹಿಡಿದಿದೆಯೇ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಿದೆಯೇ ಎಂದೂ ನೋಡಿ. ಇದ್ದರೆ ಗ್ಯಾಸ್ಕೆಟ್ ಕೆಲಸ ಮೊದಲು, ಬಾಟ್ಲಿಯ ಮಾತು ಆಮೇಲೆ.

ಬಾಟ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಿಮ್ಮೂರಿನ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸರಿ. ಬಾಟ್ಲಿ ಒಳ್ಳೆಯದೇ. ಆದರೆ "ಎಲ್ಲಾ ಸರಿಹೋಗುತ್ತೆ" ಎನ್ನುವುದು ಸರಿಯಲ್ಲ. ಓವರ್‌ಫ್ಲೋ ಬಾಟ್ಲಿ ಎಂಜಿನ್ನನ್ನು ಒಂದು ಡಿಗ್ರಿಯೂ ತಣ್ಣಗೆ ಮಾಡುವುದಿಲ್ಲ. ಉಕ್ಕಿದ ನೀರನ್ನು ಹಿಡಿದಿಟ್ಟುಕೊಂಡು, ಎಂಜಿನ್ ತಣ್ಣಗಾದಾಗ ವಾಪಸು ಕೊಡುತ್ತದೆ, ಅಷ್ಟೆ. ಅದರಿಂದ ಲಾಭಗಳು ಖಂಡಿತ ಇವೆ. ರೇಡಿಯೇಟರು ಸದಾ ತುಂಬಿರುತ್ತದೆ. ಒಳಗೆ ಗಾಳಿ ಕಡಿಮೆಯಾದ್ದರಿಂದ ತುಕ್ಕು ಕಡಿಮೆ. ದುಡ್ಡು ಕೊಟ್ಟು ಹಾಕಿದ ಕೂಲೆಂಟ್ ರಸ್ತೆಗೆ ಹೋಗುವುದಿಲ್ಲ. ಬಿಸಿ ಮುಚ್ಚಳ ಮುಟ್ಟದೆಯೇ ನೀರಿನ ಮಟ್ಟ ಕಣ್ಣಿಗೆ ಕಾಣುತ್ತದೆ. ಘಾಟಿಯಲ್ಲಿ ಓಡಾಡುವ ನಿಮ್ಮಂಥವರಿಗೆ ಈ ಕೊನೆಯದೇ ದೊಡ್ಡ ಉಪಕಾರ.

ಆದರೆ ರೇಡಿಯೇಟರ್ ಒಳಗೆ ಗಾರೆ ಕಟ್ಟಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ, ಬಾಟ್ಲಿ ಕಟ್ಟಿದ ಕಾರು ಇನ್ನೂ ಅಪಾಯಕಾರಿ. ನೆಲದ ಮೇಲೆ ಬೀಳುತ್ತಿದ್ದ ನೀರು ನಿಮ್ಮನ್ನು ಎಚ್ಚರಿಸುತ್ತಿತ್ತು. ಬಾಟ್ಲಿ ಆ ಎಚ್ಚರಿಕೆಯನ್ನು ಒಂದಷ್ಟು ದಿನ ಮುಚ್ಚಿಡುತ್ತದೆ. ಪರೀಕ್ಷೆ ಮೊದಲು, ಬಾಟ್ಲಿ ಆಮೇಲೆ ಎಂದು ಒತ್ತಿ ಹೇಳುವುದು ಅದಕ್ಕೆ.

ಮುಚ್ಚಳವೇ ಮುಖ್ಯ

ಬಹಳಷ್ಟು ಕಾರುಗಳಲ್ಲಿ ಬಾಟ್ಲಿ ಕಟ್ಟಿಯೂ ಕೆಲಸ ಕೆಡುವುದು ಮುಚ್ಚಳದಿಂದ. ನಿಮ್ಮ ಕಾರಿನ ಮುಚ್ಚಳವನ್ನು ಕೈಯಲ್ಲಿ ತಿರುಗಿಸಿ ನೋಡಿ. ನಡುವೆ ಸ್ಪ್ರಿಂಗು, ಸ್ಪ್ರಿಂಗಿನ ಕೆಳಗೆ ಒಂದು ರಬ್ಬರ್ ವಾಷರು. ಮುಚ್ಚಿದಾಗ ಈ ವಾಷರು ರೇಡಿಯೇಟರಿನ ಕತ್ತಿನ ಒಳಗಿನ ಅಂಚಿನ ಮೇಲೆ ಒತ್ತಿ ಕೂರುತ್ತದೆ. ಕುಕ್ಕರಿನ ವೈಟು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ: ಒಳಗೆ ಒತ್ತಡ ಏರಗೊಟ್ಟು, ಮಿತಿ ಮೀರಿದಾಗ ಮೇಲೆದ್ದು ಹೊರಗೆ ಬಿಡುತ್ತದೆ. ನಿಮ್ಮ ಮುಚ್ಚಳದ 7 ಅಂದರೆ ಚದರ ಅಂಗುಲಕ್ಕೆ 7 ಪೌಂಡು, ಈಗಿನ ಅಳತೆಯಲ್ಲಿ ಸುಮಾರು 0.5 ಬಾರ್. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಈ ಮುಚ್ಚಳ ಗಟ್ಟಿಯಾಗಿ ಕೂತಿದ್ದರೆ ಅದೇ ನೀರು ಕುದಿಯಲು ಸುಮಾರು 109 ಡಿಗ್ರಿ ಬೇಕು. ಸ್ಪ್ರಿಂಗು ಸಡಿಲವಾಗಿದ್ದರೆ, ವಾಷರು ಬಿರುಕು ಬಿಟ್ಟಿದ್ದರೆ ಆ ಹನ್ನೆರಡು ಡಿಗ್ರಿಯ ರಕ್ಷಣೆ ನಿಮಗಿಲ್ಲ. ವಯಸ್ಸಾದ ಮುಚ್ಚಳವನ್ನು ಬದಲಿಸಿದ್ದರಿಂದಲೇ ಚೆಲ್ಲುವುದು ನಿಂತ ಕಾರುಗಳು ಬೇಕಾದಷ್ಟಿವೆ.

ವಾಷರಿನ ನಡುವೆ ಒಂದು ಪುಟ್ಟ ಬಿಲ್ಲೆ ಕಾಣುತ್ತದೆಯೇ? ಅದು ವ್ಯಾಕ್ಯೂಮ್ ವಾಲ್ವು. ಎಂಜಿನ್ ತಣ್ಣಗಾಗುವಾಗ ನೀರು ಕುಗ್ಗಿ ಒಳಗೆ ನಿರ್ವಾತ ಆಗುತ್ತದೆ. ಆಗ ಈ ಬಿಲ್ಲೆ ತೆರೆದುಕೊಂಡು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಟ್ಲಿಯಿಂದ ನೀರು ವಾಪಸು ಬರುವುದು ಈ ಪುಟ್ಟ ಬಾಗಿಲಿನಿಂದಲೇ. ಆದರೆ ಹಳೆಯ ಮುಚ್ಚಳದಲ್ಲಿ ಒಂದು ಕೊರತೆಯಿದೆ. ಕತ್ತಿನ ಮೇಲಿನ ಅಂಚಿಗೆ ಕೂರುವ ಕಡೆ ಬರೀ ತಗಡಿರುತ್ತದೆ, ರಬ್ಬರ್ ಇರುವುದಿಲ್ಲ. ಎಳೆದುಕೊಳ್ಳುವಾಗ ಆ ಸಂದಿನಿಂದ ಗಾಳಿ ಸಲೀಸಾಗಿ ಬರುತ್ತದೆ. ಗಾಳಿ ಸಲೀಸಾಗಿ ಸಿಗುವಾಗ ಬಾಟ್ಲಿಯ ನೀರು ಯಾಕೆ ಮೇಲೇರೀತು? ಬಾಟ್ಲಿ ತುಂಬುತ್ತ ಹೋಗುತ್ತದೆ, ರೇಡಿಯೇಟರ್ ಖಾಲಿಯಾಗುತ್ತ ಹೋಗುತ್ತದೆ.

ಆದ್ದರಿಂದ ನಿಮಗೆ ಬೇಕಾದ್ದು ಎರಡು ರಬ್ಬರಿನ ಮುಚ್ಚಳ: ಕೆಳಗೆ ಒತ್ತಡ ಹಿಡಿಯುವ ವಾಷರು, ಮೇಲೆ ಕತ್ತಿನ ಅಂಚಿಗೆ ಕೂರುವ ಇನ್ನೊಂದು ರಬ್ಬರ್ ಬಳೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗೆ ಹೋಗುವಾಗ ಹಳೆಯ ಮುಚ್ಚಳವನ್ನು ಜೊತೆಗೇ ಒಯ್ಯಿರಿ. ಅಗಲ ಒಂದೇ ಇರಬೇಕು, ಒಳಗೆ ಇಳಿಯುವ ಆಳವೂ ಒಂದೇ ಇರಬೇಕು. ಆಳ ಕಡಿಮೆಯಾದರೆ ವಾಷರು ಕೂರುವುದೇ ಇಲ್ಲ. ಹೆಚ್ಚಾದರೆ ಸ್ಪ್ರಿಂಗು ಅತಿಯಾಗಿ ಒತ್ತಿಕೊಂಡು ಒತ್ತಡದ ಮಿತಿಯೇ ಬದಲಾಗುತ್ತದೆ.

ಅಂಗಡಿಯಲ್ಲಿ "ಇದೂ ಅದೇ ಸೈಜು ಮೇಡಂ" ಎಂದು ಈಚಿನ ಕಾರಿನ ಮುಚ್ಚಳ ಕೈಗಿಟ್ಟಾರು. ಅದರ ಮೇಲಿನ ಅಂಕಿ ಓದಿ. 0.9 ಬಾರ್ ಅಂದರೆ ಸುಮಾರು 13 ಪೌಂಡು, 1.1 ಅಂದರೆ ಸುಮಾರು 16. ನಿಮ್ಮದರ ದುಪ್ಪಟ್ಟು. ಒತ್ತಡ ಹೆಚ್ಚಿದ್ದರೆ ಕುದಿ ತಡವಾಗುತ್ತದೆ ಎನ್ನುವುದು ನಿಜ. ಆದರೆ ನಿಮ್ಮ ರೇಡಿಯೇಟರು ತಾಮ್ರ, ಹಿತ್ತಾಳೆ ಸೇರಿಸಿ ಬೆಸುಗೆ ಹಾಕಿದ್ದು, ವಯಸ್ಸು ಐವತ್ತು ದಾಟಿದೆ. ದುಪ್ಪಟ್ಟು ಒತ್ತಡಕ್ಕೆ ಬೆಸುಗೆ ಬಿಡಬಹುದು, ಹೋಸ್ ಪೈಪು ಒಡೆಯಬಹುದು, ವಾಟರ್ ಪಂಪಿನ ಸೀಲು ಸೋರಬಹುದು. 7 ಇದ್ದಲ್ಲಿ 7 ಇರಲಿ.

ಅದೇ ಅಂಕಿಯ ಎರಡು ರಬ್ಬರಿನ ಮುಚ್ಚಳ ಸಿಗಲಿಲ್ಲವೇ? ಬಾಟ್ಲಿಯನ್ನು ಬರೀ ಹಿಡಿಯುವ ಡಬ್ಬವಾಗಿ ಬಳಸಿ. ಹಳೆಯ ಮುಚ್ಚಳ ಹಾಗೆಯೇ ಇರಲಿ, ಮೇಲಿನ ಟ್ಯಾಂಕಿನಲ್ಲಿ ಒಂದೂವರೆ ಅಂಗುಲದ ಜಾಗವೂ ಇರಲಿ. ಬಾಟ್ಲಿಗೆ ಬಂದ ನೀರನ್ನು ಮರುದಿನ ತಣ್ಣಗಾದ ಮೇಲೆ ಕೈಯಾರೆ ಸುರಿದರಾಯಿತು. ಯಾವುದೋ ಮುಚ್ಚಳ ತುರುಕಿ ಕೂರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಬಾಟ್ಲಿ ಯಾವುದು, ಎಲ್ಲಿ, ಹೇಗೆ

ಮಾರುತಿ 800 ಕಾರಿನ ರಿಸರ್ವ್ ಬಾಟ್ಲಿ ಈ ಕೆಲಸಕ್ಕೆ ಹೊಂದುತ್ತದೆ. ಚಿಕ್ಕದು, ಅಗ್ಗ, ಎಲ್ಲ ಕಡೆ ಸಿಗುತ್ತದೆ. ಮುಖ್ಯವಾಗಿ ಅದು ಒತ್ತಡವಿಲ್ಲದ ಬಾಟ್ಲಿ. ಕೆಲವು ಹೊಸ ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ, ಒತ್ತಡದ ಮುಚ್ಚಳ ಬಾಟ್ಲಿಯ ಮೇಲೇ ಇರುತ್ತದೆ. ಆ ಬಗೆಯದು ನಿಮಗೆ ಬೇಡ. ಅದರ ಲೆಕ್ಕವೇ ಬೇರೆ.

ಕುಡಿಯುವ ನೀರಿನ ಬಾಟ್ಲಿ, ಜ್ಯೂಸ್ ಬಾಟ್ಲಿ ಕಟ್ಟಿಕೊಂಡು ಓಡಾಡುವವರನ್ನು ನೀವೂ ನೋಡಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಗೆ ಅದು ಮೆತ್ತಗಾಗಿ ಮುದುಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಲಿಗೆಗೆ ಸಿಹಿ. ಮಗುವೊಂದು ಜ್ಯೂಸ್ ಅಂದುಕೊಂಡು ಕುಡಿದೀತು, ತೋಟದ ನಾಯಿ ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕೀತು. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡುತ್ತದೆ, ಪ್ರಾಣವೂ ಹೋಗಬಹುದು. ಇಷ್ಟು ದಿನ ರಸ್ತೆಗೆ ಬೀಳುತ್ತಿದ್ದ ಹಸಿರು ನೀರು ಇನ್ನು ಬೀಳದಂತೆ ಮಾಡುವುದು ಈ ಕಾರಣಕ್ಕೂ ಒಳ್ಳೆಯದು.

ಜಾಗದ ವಿಷಯ. ನಿಮ್ಮ ಎಂಜಿನ್ನಿನಲ್ಲಿ ಕಾರ್ಬ್ಯುರೇಟರು, ಎಕ್ಸಾಸ್ಟು ಎರಡೂ ಎಡಗಡೆ. ಎಕ್ಸಾಸ್ಟಿನ ಬಿಸಿಗೆ ಪ್ಲಾಸ್ಟಿಕ್ ತಡೆಯುವುದಿಲ್ಲ, ಆ ಪಕ್ಕ ಬೇಡ. ರೇಡಿಯೇಟರಿನ ಬಳಿಯಲ್ಲೇ, ಬಾಟ್ಲಿಯ ತಲೆ ಹೆಚ್ಚುಕಡಿಮೆ ರೇಡಿಯೇಟರಿನ ಮೇಲಂಚಿನ ಎತ್ತರಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಬಾನೆಟ್ಟು ಮುಚ್ಚಿದಾಗ ತಾಗಬಾರದು, ಫ್ಯಾನಿನ ರೆಕ್ಕೆಗೂ ಬೆಲ್ಟಿಗೂ ದೂರವಿರಬೇಕು. ಬಾಡಿಗೆ ಹೊಸ ತೂತು ಕೊರೆಯಬೇಡಿ. ಈಗಾಗಲೇ ಇರುವ ಬೋಲ್ಟೊಂದಕ್ಕೆ ಸಿಕ್ಕಿಸುವ ತಗಡಿನ ಬ್ರಾಕೆಟ್ಟನ್ನು ಯಾವ ಫ್ಯಾಬ್ರಿಕೇಷನ್ ಶೆಡ್ಡಿನವರಾದರೂ ಬಗ್ಗಿಸಿ ಕೊಡುತ್ತಾರೆ. ಬಾಟ್ಲಿ ತುಂಬಿದಾಗಿನ ಭಾರಕ್ಕೆ, ರಸ್ತೆಯ ಕುಲುಕಾಟಕ್ಕೆ ಅಲ್ಲಾಡದಂತಿರಲಿ.

ಪೈಪು ದಪ್ಪ ಗೋಡೆಯದಿರಲಿ. ತೆಳು ಪೈಪು ನೀರು ಎಳೆದುಕೊಳ್ಳುವಾಗ ಚಪ್ಪಟೆಯಾಗಿ ದಾರಿ ಮುಚ್ಚಿಕೊಳ್ಳುತ್ತದೆ. ರೇಡಿಯೇಟರಿನ ಸಣ್ಣ ಪೈಪಿಗೆ ಬಿಗಿಯಾಗಿ ಹತ್ತುವ ಅಳತೆ ನೋಡಿ ತಂದು, ಅಲ್ಲೊಂದು ಕ್ಲಿಪ್ಪು ಹಾಕಿ. ಬಾಟ್ಲಿಯ ಒಳಗೆ ಪೈಪಿನ ತುದಿ ತಳದ ಹತ್ತಿರ, ಸದಾ ನೀರಿನಲ್ಲಿ ಮುಳುಗಿರಬೇಕು. ತುದಿ ಮೇಲಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನೇ. ಬಾಟ್ಲಿಯ ಸ್ವಂತ ಮುಚ್ಚಳದಲ್ಲಿ ಗಾಳಿಯಾಡಲು ಪುಟ್ಟ ತೂತು ಇರಲೇಬೇಕು. ಜೊತೆಗೆ ರೇಡಿಯೇಟರಿನ ಕತ್ತನ್ನು ಬೆರಳಿಂದ ಸವರಿ ನೋಡಿ. ಮೇಲಂಚು ನೆಗ್ಗಿದ್ದರೆ, ತುಕ್ಕಿನಿಂದ ಒರಟಾಗಿದ್ದರೆ ಎಂಥ ಒಳ್ಳೆಯ ಮುಚ್ಚಳವೂ ಕೂರುವುದಿಲ್ಲ. ರೇಡಿಯೇಟರ್ ರಿಪೇರಿಯವರಿಂದ ಮೊದಲು ಅದನ್ನು ಸಮ ಮಾಡಿಸಿ.

ತುಂಬಿಸುವುದು

ಹಳೆಯ ನೀರನ್ನು ಪೂರ್ತಿ ಬಸಿಯಿರಿ. ರೇಡಿಯೇಟರಿನ ಕೆಳಗಿನ ಟ್ಯಾಪಲ್ಲದೆ ಎಂಜಿನ್ ಬ್ಲಾಕಿನಲ್ಲೂ ಒಂದು ಟ್ಯಾಪಿದೆ. ಅದು ತುಕ್ಕಿನಿಂದ ಕಟ್ಟಿಕೊಂಡಿರುವುದೇ ಹೆಚ್ಚು, ತಂತಿಯಿಂದ ಕೆದಕಿ ಬಿಡಿಸಬೇಕಾದೀತು. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಸಿದಾಗ ಎಷ್ಟು ಬಂತು ಎಂದು ಅಳೆದು ಬರೆದಿಟ್ಟುಕೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣದ ಅಂಶ ರೇಡಿಯೇಟರಿನ ಕೊಳವೆಗಳಲ್ಲಿ ಗಾರೆ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ತಾಮ್ರ ಮತ್ತು ಹಿತ್ತಾಳೆಯ ರೇಡಿಯೇಟರಿಗೆ ಆಗುತ್ತದೆ ಎಂದು ಡಬ್ಬದ ಮೇಲೆ ಬರೆದಿರುವ ಹಳೆಯ ಬಗೆಯ ಹಸಿರು ಕೂಲೆಂಟನ್ನು ಅಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ರೆಡಿಮಿಕ್ಸ್ ಆದರೆ ನೀರು ಬೆರೆಸುವಂತಿಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ ನಿಜ, ಆದರೆ ತುಕ್ಕು ತಡೆಯುವ ಗುಣಕ್ಕಾಗಿ ಕೂಲೆಂಟ್ ಬೇಕೇ ಬೇಕು. ಆ ಗುಣ ಎರಡು ವರ್ಷಕ್ಕೆ ಸವೆಯುತ್ತದೆ, ಆಗ ಬದಲಿಸಿ.

ಎರಡು ರಬ್ಬರಿನ ಮುಚ್ಚಳದ ಜೊತೆ ಬಾಟ್ಲಿ ಕೂತ ಮೇಲೆ ಹಳೆಯ ಲೆಕ್ಕ ಬದಲಾಗುತ್ತದೆ. ಈಗ ರೇಡಿಯೇಟರನ್ನು ಬಾಯಿಯವರೆಗೆ ತುಂಬಿಸಬೇಕು, ಬಾಟ್ಲಿಗೆ ಕೆಳಗಿನ ಗೆರೆಗಿಂತ ಸ್ವಲ್ಪ ಮೇಲೆ. ಒಂದು ಸುತ್ತು ಓಡಿಸಿ, ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ. ಮೊದಲ ಕೆಲವು ಸಲ ಒಳಗಿನ ಗಾಳಿ ಹೊರಬಿದ್ದು ಬಾಟ್ಲಿಯ ಮಟ್ಟ ಇಳಿಯುತ್ತದೆ, ಗೆರೆಗೆ ಸೇರಿಸಿ. ರೇಡಿಯೇಟರು ಬಾಯಿಮಟ್ಟ ತುಂಬಿದ್ದರೆ ಕೆಲಸ ಗೆದ್ದಿತು. ಬಾಟ್ಲಿ ತುಂಬಿ, ರೇಡಿಯೇಟರ್ ಇಳಿದಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ: ಮುಚ್ಚಳದ ಮೇಲಿನ ರಬ್ಬರು, ಪೈಪಿನ ಕ್ಲಿಪ್ಪು, ಕತ್ತಿನ ಅಂಚು, ಈ ಮೂರನ್ನೂ ನೋಡಿ.

ಥರ್ಮೋಸ್ಟಾಟ್ ಕೀಳಬೇಡಿ

ಹಾಸನದವರ ಸಲಹೆ ನಮ್ಮ ಗ್ಯಾರೇಜುಗಳಲ್ಲಿ ತುಂಬ ಹಳೆಯದು. ಥರ್ಮೋಸ್ಟಾಟ್ ಎಂಜಿನ್ನನ್ನು ಬೇಗ ಹದದ ಬಿಸಿಗೆ ತಂದು ಅಲ್ಲೇ ಇಡುತ್ತದೆ. ಅದನ್ನು ತೆಗೆದರೆ ಮಲೆನಾಡಿನ ಮಳೆಗಾಲದಲ್ಲಿ ಎಂಜಿನ್ ಸದಾ ತಣ್ಣಗೇ ಓಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಘಾಟಿಯ ಬಿಸಿಗೆ ನಿಜವಾದ ಕಾರಣ ಏನಿದೆಯೋ ಅದು ಹಾಗೆಯೇ ಉಳಿಯುತ್ತದೆ. ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಬಿಚ್ಚಿ, ಬಿಸಿನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ತೆರೆದುಕೊಳ್ಳುತ್ತದೆಯೇ ನೋಡಿ. ಎಷ್ಟು ಡಿಗ್ರಿಗೆ ಎನ್ನುವುದು ಅದರ ಮೇಲೇ ಅಚ್ಚಾಗಿರುತ್ತದೆ. ತೆರೆಯದಿದ್ದರೆ ಹೊಸದು ಹಾಕಿ.

ಘಾಟಿಯಲ್ಲಿ ಮುಳ್ಳು ಏರುತ್ತಿದ್ದರೆ ಹುಡುಕಬೇಕಾದ ಜಾಗಗಳು ಬೇರೆ. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿಂದ ಒತ್ತಿದರೆ ಅರ್ಧ ಅಂಗುಲ ಬಗ್ಗಬೇಕು, ಹೆಚ್ಚಾದರೆ ಜಾರುತ್ತದೆ. ರೇಡಿಯೇಟರಿನ ಮುಖಕ್ಕೆ ಹುಳು, ಧೂಳು ಅಂಟಿದ್ದರೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಯಿರಿ. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಮುದುಡಿ ನೀರಿನ ದಾರಿ ಕಟ್ಟುತ್ತದೆ. ಇಗ್ನಿಷನ್ ಟೈಮಿಂಗ್ ಹಿಂದಿದ್ದರೂ ಬಿಸಿ ಹೆಚ್ಚು. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಕಾರ್ಬ್ಯುರೇಟರ್ ಹೊಂದಿಸದಿದ್ದರೆ ಮಿಶ್ರಣ ತೆಳುವಾಗಿಯೂ ಬಿಸಿ ಏರುತ್ತದೆ. ಇವೆಲ್ಲ ಸರಿಯಿದ್ದೂ ಏರುತ್ತಿದ್ದರೆ ರೇಡಿಯೇಟರಿನ ಮೇಲಿನ ಟ್ಯಾಂಕು ಬಿಚ್ಚಿಸಿ, ಕೊಳವೆಗಳಿಗೆ ಕಂಬಿ ಹಾಯಿಸಿ ಸ್ವಚ್ಛ ಮಾಡಿಸಬೇಕು.

ಚಿಕ್ಕಪ್ಪನವರಿಗೆ ಏನು ಹೇಳಲಿ?

ಅವರ ಕಾಳಜಿ ದೊಡ್ಡದು, ಅದನ್ನು ಗೌರವಿಸಿ. ಹಳೆಯ ಕಾರನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಿ ಕೆಡಿಸಿದವರು ಬಹಳ ಜನ. ಆದರೆ ಎಲ್ಲ ಬದಲಾವಣೆಯೂ ಒಂದೇ ಅಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಕೂಡ ಸುರಕ್ಷತೆಗೆ ಬೇಕಾದ ಬದಲಾವಣೆಗಳನ್ನು ಬೇಡವೆನ್ನುವುದಿಲ್ಲ. ಅವು ಕಣ್ಣಿಗೆ ಹೊಡೆಯದಂತಿರಲಿ, ಬೇಕಾದಾಗ ಮೊದಲಿನಂತೆ ಮಾಡುವಂತಿರಲಿ ಎನ್ನುತ್ತದೆ. ತೂತು ಕೊರೆಯದೆ ಕಟ್ಟಿದ ಬಾಟ್ಲಿ ಸ್ಪ್ಯಾನರ್ ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಬರುತ್ತದೆ. ಅಪ್ಪ ಬಳಸಿದ ಮುಚ್ಚಳವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಹೆಸರು ಬರೆದು ಇಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನೂ ಅವರಿಗೆ ಹೇಳಿ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಲ್ಲಿ ತಡೆಯಿರುವುದು ಚಾಸಿ, ಬಾಡಿ ಶೆಲ್, ಎಂಜಿನ್ನುಗಳ ದೊಡ್ಡ ಮಾರ್ಪಾಡಿಗೆ. ಬಾಟ್ಲಿ ಈ ಮೂರರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ ಎನ್ನುವುದೂ ಅದೇ ನಿಯಮದಲ್ಲಿದೆ. ಅಮ್ಮನನ್ನು ಕರೆದುಕೊಂಡು ಓಡಾಡುವ ಆಸೆ ಇರುವವರೆಗೆ ಆ ಅರ್ಜಿ ಹಾಕಲು ಅವಸರ ಬೇಡ.

ಘಾಟಿಗೆ ಹೊರಡುವಾಗ

ಮೊದಲ ವಾರ ಪರೀಕ್ಷೆಗಳು, ಎರಡನೇ ವಾರ ತೊಳೆದು ಹೊಸ ಕೂಲೆಂಟು, ಆಮೇಲೆ ಮುಚ್ಚಳ ಮತ್ತು ಬಾಟ್ಲಿ. ಅದಾದ ಮೇಲೆ ಅಮ್ಮನನ್ನು ಕೂರಿಸದೆ ಒಬ್ಬ ಜೊತೆಗಾರರೊಂದಿಗೆ ಒಮ್ಮೆ ಗುಂಡ್ಯಕ್ಕೆ ಇಳಿದು ಹತ್ತಿ ಬನ್ನಿ. ಏರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಉಸಿರುಗಟ್ಟಿಸಬೇಡಿ. ಗೇರು ಇಳಿಸಿದರೆ ಪಂಪು, ಫ್ಯಾನು ಎರಡೂ ಜೋರಾಗಿ ತಿರುಗುತ್ತವೆ. ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಫ್ಯಾನ್ ಬೆಲ್ಟು, ದಪ್ಪ ಬಟ್ಟೆ ಇರಲಿ.

ಯಾವ ಕಾರಣಕ್ಕೂ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒತ್ತಡ ಬಿಟ್ಟ ಕ್ಷಣಕ್ಕೆ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿದಿರಲು ಆಗುವಷ್ಟು ತಣ್ಣಗಾದ ಮೇಲೆ, ಬಟ್ಟೆ ಹಾಕಿ, ಮೊದಲ ತಡೆಯವರೆಗೆ ತಿರುಗಿಸಿ, ಸದ್ದು ನಿಂತ ಮೇಲೆ ತೆಗೆಯಿರಿ.

ವಾಡಿಕೆಯಾದ ಮೇಲೆ ನಿಮ್ಮ ಕೆಲಸ ಸುಲಭ. ಹೊರಡುವ ಮುನ್ನ ಬಾನೆಟ್ಟು ಎತ್ತಿ ಬಾಟ್ಲಿಯ ಗೆರೆ ನೋಡಿ. ಮಟ್ಟ ತಿಂಗಳುಗಟ್ಟಲೆ ಅಲ್ಲೇ ಇದ್ದರೆ ಕಾರು ಆರೋಗ್ಯವಾಗಿದೆ, ನೆಮ್ಮದಿಯಿಂದ ಅಮ್ಮನನ್ನು ಕರೆದುಕೊಂಡು ಹೋಗಿ. ವಾರ ವಾರ ಸುರಿಯಬೇಕಾಗಿ ಬಂದರೆ, ಬಾಟ್ಲಿಯೊಳಗೆ ಗುಳ್ಳೆ ಕಂಡರೆ, ನೀರಿನ ಮೇಲೆ ಎಣ್ಣೆಯ ಪದರ ತೇಲಿದರೆ, ಅಂದು ಘಾಟಿಗೆ ಇಳಿಯಬೇಡಿ. ಸುರಿದು ಸುರಿದು ದಿನ ದೂಡದೆ, ಅದೇ ವಾರ ಹೆಡ್ಡು ಬಿಚ್ಚಲು ಬಲ್ಲ ಮೆಕ್ಯಾನಿಕ್ಕಿಗೆ ಕಾರು ತೋರಿಸಿ.